ಮಾರುವವಳಿಗೆ ಹೇಳಬಾರದ ಮಾತು

ಅಮೆರಿಕದ ಡುಲೂತ್ ಊರಿನಲ್ಲಿ ಮನೆ ಕೊಳ್ಳುವವರು ಬೆಲೆಯ ಮಾತುಕತೆ ಮುಗಿದ ಮೇಲೆ ನನ್ನನ್ನು ಕರೆಸುತ್ತಾರೆ. ಮನೆಯನ್ನು ಸೂರಿನಿಂದ ನೆಲಮಾಳಿಗೆಯವರೆಗೆ ತಪಾಸಣೆ ಮಾಡಿ, ಕಂಡದ್ದನ್ನು ಕರೆಸಿದವರಿಗೆ ಮಾತ್ರ ಹೇಳುವುದು ನನ್ನ ಕೆಲಸ. ಮಾರುವವರ ಮುಂದೆ ಬಾಯಿ ಬಿಡುವಂತಿಲ್ಲ.

ಆ ನವೆಂಬರ್‌ನಲ್ಲಿ ಕರೆಸಿದವಳು ಶಾಲಾ ಬಸ್ಸು ಓಡಿಸುವ ಡೆನಿಸ್ ಓರ್ಬೆಕ್. ಗುಡ್ಡದ ಮೇಲಿನ ಆ ಮನೆ ವರ್ನಾ ಟೊಲೆಫ್‌ಸನ್ ಎಂಬ ಪಿಯಾನೋ ಶಿಕ್ಷಕಿಯದು. ವಯಸ್ಸು ಐವತ್ತರ ಆಸುಪಾಸು. ತಪಾಸಣೆಯ ಹೊತ್ತಿಗೆ ಮಾರುವವರು ಹೊರಗೆ ಹೋಗಿಬಿಡುವುದು ವಾಡಿಕೆ. ವರ್ನಾ ಮಾತ್ರ ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಸೋಫಾಕ್ಕೆ ಒರಗಿದ್ದಳು.

“ತಲೆ ಸಿಡೀತಿದೆ. ನಾನಿಲ್ಲ ಅಂದ್ಕೊಂಡು ನೋಡಿ,” ಎಂದಳು.

ನಾನು ಅಟ್ಟದಿಂದ ಇಳಿಯುತ್ತಿದ್ದ ಹಾಗೆಯೇ ವರ್ನಾ ತಡೆದು ನಿಲ್ಲಿಸಿದಳು. “ಏನು ಸಿಕ್ತು ಸಾಹೇಬ್ರೇ?”

ಚಿಮಣಿಯ ಪಕ್ಕದ ತೊಲೆ ಕೊಳೆತಿತ್ತು. “ಡೆನಿಸ್‌ಗೆ ಹೇಳ್ತೀನಿ. ಬೇಕಾದ್ರೆ ಅವರನ್ನ ಕೇಳಿ,” ಎಂದೆ.

“ನನ್ನ ಮನೆ ಗುಟ್ಟು ನನಗೇ ಹೇಳಲ್ವಾ? ಚೆನ್ನಾಗಿದೆ ಕಣ್ರೀ ನಿಮ್ಮ ಕಸುಬು!”

ನನ್ನ ಜೊತೆಗೇ ಬಂದಿದ್ದ ಡೆನಿಸ್ ನಗುತ್ತಾ, ಮನೆ ಯಾಕೆ ಮಾರುತ್ತಿದ್ದೀರಿ ಎಂದು ಕೇಳಿದಳು. ವರ್ನಾಳ ನಗು ಇಳಿಯಿತು. “ಮರೆವು. ದಿನಾ ಕಲಿಸೋ ಪಾಠಾನೇ ಮರೆತುಹೋಗುತ್ತೆ. ನಮ್ಮಮ್ಮನಿಗೂ ಹಿಂಗೇ ಶುರುವಾಗಿದ್ದು. ಪೂರ್ತಿ ಕೆಡೋಕೆ ಮುಂಚೆ ಅಯೋವಾಗೆ, ತಂಗಿ ಮನೆಗೆ ಹೋಗೋಣ ಅಂತ.” ಆಮೇಲೆ ತಾನೇ ಮಾತು ತಿರುಗಿಸಿದಳು: “ಈಗೀಗ ಪಾಠಕ್ಕೆ ಬರೋ ಮಕ್ಕಳೂ ತಲೆನೋವು ಅಂತಾರೆ. ಅದು ನನ್ನ ಪಾಠದ ಮಹಿಮೆ ಬಿಡಿ.”

ಆ ಮಾತು ಮನಸ್ಸಿಗೆ ನಾಟಿತು. ನೆಲಮಾಳಿಗೆಯ ಮೆಟ್ಟಿಲು ಇಳಿಯುತ್ತಿದ್ದಂತೆ ನನ್ನ ಸೊಂಟದಲ್ಲಿದ್ದ ವಿಷಾನಿಲದ ಮಾಪಕ ಕೂಗತೊಡಗಿತು. ಮನೆ ಬೆಚ್ಚಗಿಡುವ ಗ್ಯಾಸ್ ಒಲೆಯ ಹೊಗೆ ಕೊಳವೆ ಹಿಂಭಾಗದಲ್ಲಿ ಕಳಚಿಕೊಂಡಿತ್ತು. ಅಲ್ಲಿಂದ ಸೋರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ; ತಲೆನೋವು, ಮಂಕು ಅದರ ಮೊದಲ ಗುರುತು. ಒಲೆ ಆರಿಸಿ ಮೇಲೆ ಓಡಿದೆ.

ಜೀವಕ್ಕೆ ಅಪಾಯವಿದ್ದರೆ ಒಳಗಿರುವವರನ್ನು ಎಚ್ಚರಿಸಲು ನಮ್ಮ ನಿಯಮವೂ ಒಪ್ಪುತ್ತದೆ. ಒಪ್ಪದಿದ್ದರೂ ನಾನು ಕಾಯುತ್ತಿರಲಿಲ್ಲ. “ಇಬ್ಬರೂ ಹೊರಗೆ ನಡೀರಿ! ಒಲೆಯಿಂದ ವಿಷದ ಗಾಳಿ ಸೋರ್ತಿದೆ.”

“ವಿಷದ ಗಾಳಿ ಬಂದ್ರೆ ಕೂಗೋ ಅಲಾರಾಂ ಇದೆಯಲ್ಲ?” ಎಂದಳು ಡೆನಿಸ್.

“ಪಾಠದ ಮಧ್ಯೆ ಕಿರುಚುತ್ತೆ ಅಂತ ಬ್ಯಾಟರಿ ಕಿತ್ತಿದ್ದೆ,” ಎಂದ ವರ್ನಾಳ ಮುಖ ಬಿಳಿಚಿಕೊಂಡಿತು.

ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ ಡೆನಿಸ್‌ಳ ಕಾರಿನಲ್ಲಿ ಕುಳಿತೆವು. ವರ್ನಾ ನನ್ನ ತೋಳು ಹಿಡಿದಳು. “ಹಾಗಾದ್ರೆ ನನ್ನ ಮರೆವು? ಅದೂ ಇದರಿಂದಾನೇನಾ?”

ಹೌದು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದು ಮನೆ ನೋಡುವವನು ಹೇಳುವ ಮಾತಲ್ಲ. ಸುಳ್ಳಾದರೆ, ಇಲ್ಲದ ಆಸೆ ಹುಟ್ಟಿಸಿ ಕಿತ್ತುಕೊಂಡ ಹಾಗೆ. “ಅದನ್ನ ಡಾಕ್ಟ್ರೇ ಹೇಳ್ಬೇಕು. ಒಲೆ ವಿಷಯ ಅವರಿಗೆ ಬಿಡಿಸಿ ಹೇಳಿ. ಮಕ್ಕಳ ಅಪ್ಪ ಅಮ್ಮಂದಿರಿಗೂ ಈಗಲೇ ತಿಳಿಸಿ,” ಎಂದೆ.

ಆ್ಯಂಬುಲೆನ್ಸ್ ಅವಳನ್ನು ಕರೆದೊಯ್ದ ಮೇಲೆ ಡೆನಿಸ್ ನನ್ನತ್ತ ತಿರುಗಿದಳು. “ನಿಮಗೆ ಗೊತ್ತು. ಮುಖದಲ್ಲೇ ಕಾಣ್ತಿದೆ.”

“ನನಗೆ ಗೊತ್ತಿರೋದು ಮನೆ ವಿಷಯ,” ಎಂದು ಕಿಟಕಿ ಏರಿಸಿ, ಕೊಳೆತ ತೊಲೆಯ ಸಂಗತಿ ಹೇಳಿದೆ. ಅವಳು ಅದಕ್ಕೆ ಕಿವಿಗೊಟ್ಟಂತೆ ಕಾಣಲಿಲ್ಲ. ಆ ವಾರವಿಡೀ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಕ್ರಿಸ್‌ಮಸ್ ಹತ್ತಿರವಾದಾಗ, ನಾನು ಗಾಡಿ ಓಡಿಸುತ್ತಿದ್ದ ಹೊತ್ತಿಗೆ ಡೆನಿಸ್ ಫೋನ್ ಮಾಡಿದಳು. ಡಾಕ್ಟರ ಪ್ರಕಾರ ವರ್ನಾಳ ಮರೆವೆಲ್ಲ ಆ ಗಾಳಿಯದೇ ಕೆಲಸವಂತೆ, ತಾಯಿಯ ಕಾಯಿಲೆಯಲ್ಲವಂತೆ. ಮಕ್ಕಳಿಗೂ ಏನೂ ಆಗಿಲ್ಲ. ವರ್ನಾ ಮನೆ ಮಾರಲು ಮನಸ್ಸಿಲ್ಲವೆಂದು ಅಳುತ್ತಾ ಬಂದಿದ್ದಳಂತೆ. ಡೆನಿಸ್ ಕರಾರು ಬಿಟ್ಟುಕೊಟ್ಟಳು, ತೊಲೆಯ ವಿಷಯವನ್ನೂ ತಾನೇ ವರ್ನಾಗೆ ಹೇಳಿದಳು.

“ಮನೆ ಕೈತಪ್ಪಿತು. ನಗ್ತಿದ್ದೀರಲ್ಲ?” ಎಂದೆ.

“ಇನ್ನೊಂದು ಸಿಗುತ್ತೆ ಬಿಡಿ. ಮಗಳನ್ನ ಅವರ ಹತ್ರಾನೇ ಪಾಠಕ್ಕೆ ಸೇರಿಸಿದೀನಿ. ತಪ್ಪು ನುಡಿಸಿದ್ರೆ, ಯಾವ ಬೆರಳು ಎಡವಿತು ಅಂತ ಅಡುಗೆಮನೆಯಿಂದಲೇ ಕೂಗಿ ಹೇಳ್ತಾರಂತೆ! ಇವಳಿಗೆ ಅವರನ್ನ ಕಂಡ್ರೆ ಪ್ರಾಣಭಯ.”

ನಾನು ಗಾಡಿಯನ್ನು ರಸ್ತೆಯಂಚಿಗೆ ನಿಲ್ಲಿಸಿ ಮನಸಾರೆ ನಕ್ಕೆ.