ಕೊನೆಯವನ ಕೆಲಸ

"ಹತ್ತೊಂಬತ್ತ ವರ್ಷ ತೋಟಾ ಕಾಯ್ದಿ. ಒಂದ ಮುಳ್ಳುಕಂಟಿ ಎಳದು ಸಂದಿ ಮುಚ್ಚೂದು ನೆನಪಾಗ್ಲಿಲ್ಲೇನು ಪೀರಪ್ಪಾ?"

ಮಾನಮ್ಮನ ದನಿ ಕಮಲಾಪುರದ ಆ ತೋಟದ ತುಂಬ ಕೇಳುತ್ತಿತ್ತು. ಹಳದಿ ಬಣ್ಣದ ಡಬ್ಬಿ, ಕುಂಚ ಹಿಡಿದು ಒಡ್ಡಿನ ಮೇಲೆ ಬರುತ್ತಿದ್ದ ಕಪಿಲ ನಿಂತುಬಿಟ್ಟ. ಎದುರಿಗೆ ಹೊಸದಾಗಿ ನೆಟ್ಟ ಕೆಂಪು ಬಾಳೆಯ ಕಂದುಗಳಲ್ಲಿ ಒಂದೂ ನೆಟ್ಟಗೆ ಉಳಿದಿರಲಿಲ್ಲ. ಹೋದ ಭಾನುವಾರ ಬೇಲಿಯ ಸಂದಿಯಿಂದ ಎಮ್ಮೆಗಳು ನುಗ್ಗಿ, ತಿಂದಷ್ಟು ತಿಂದು ಉಳಿದದ್ದನ್ನು ತುಳಿದು ಹೋಗಿದ್ದವು. ಕಾವಲಿನ ಪೀರಪ್ಪ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು, ಮಾಸ್ತರರ ಮುಂದಿನ ಹುಡುಗನಂತೆ ತಲೆ ಬಗ್ಗಿಸಿದ್ದ.

"ಮುಚ್ಚೀನಿ ಅಂತ ಅನಸ್ತದ ಅಕ್ಕಾರ. ಆದ್ರ ಮರ್ತಿರಬೇಕು. ವಯಸ್ಸಾತು."

"ಈ ನಡಿಗಿ ಮಂದೀನ ನೋಡು," ಮಾನಮ್ಮ ಕಪಿಲನತ್ತ ಕೈ ಮಾಡಿದಳು. "ಪ್ಯಾಟಿ ಮಂದಿ. ವರ್ಷಾತು, ಒಂದಿನಾ ಕಂಟಿ ಎಳೀದ ಹೋಗಿಲ್ಲ."

ಕಪಿಲ ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಬಿಚ್ಚತೊಡಗಿದ.

ನಡಿಗೆ ಮಂದಿ ಅಂದರೆ ಕಲಬುರಗಿಯ ಕಾಲುದಾರಿ ಬಳಗ. ಮಾಸ್ತರರು, ನರ್ಸುಗಳು, ಕಚೇರಿಯವರು. ವಾರವೆಲ್ಲ ಕುರ್ಚಿಯಲ್ಲಿ ಕುಳಿತು ಸವೆದವರು ಭಾನುವಾರ ಬಂದು ಹಳೆಯ ಬಂಡಿದಾರಿ, ಕುರಿದಾರಿಗಳ ಮುಳ್ಳು ಸವರಿ, ಕಲ್ಲಿನ ಮೇಲೆ ಹಳದಿ ಬಾಣ ಬರೆದು, ಊರಿಂದೂರಿಗೆ ಹಾದಿ ಜೋಡಿಸುತ್ತಿದ್ದರು. ಸಂಬಳವಿಲ್ಲ, ಸನ್ಮಾನವಿಲ್ಲ, ಕಾಲಿಗೆ ಚುಚ್ಚಿದ ಜಾಲಿಮುಳ್ಳು ಮಾತ್ರ ಸ್ವಂತದ್ದು. ಅವರ ನಾಲ್ಕು ಹಾದಿಗಳು ಕೂಡುವುದು ಮಾನಮ್ಮನ ತೋಟದ ಒಡ್ಡಿನ ಮೇಲೆಯೇ. ಆಕೆ ಬಿಟ್ಟುಕೊಟ್ಟದ್ದು ಒಂದೇ ಮಾತಿನ ಮೇಲೆ: ದಾಟಿದ ಮೇಲೆ ಮುಳ್ಳುಕಂಟಿ ಎಳೆದು ಸಂದಿ ಮುಚ್ಚಬೇಕು. ಅದಕ್ಕೇ ಬಳಗದಲ್ಲಿ ಪ್ರತಿ ಸಲ ಒಬ್ಬನನ್ನು ಕೊನೆಯವನೆಂದು ನೇಮಿಸುತ್ತಿದ್ದರು. ಹೆಚ್ಚಾಗಿ ಅದು ಕಪಿಲನೇ. ಕುಸನೂರಿನ ತನ್ನ ಕೋಣೆಯಲ್ಲಿ ಕಪಾಟಿನ ಬಾಗಿಲನ್ನು ಎಂದೂ ಹಾಕದ ಈ ಗ್ರಂಥಾಲಯದ ನೌಕರ, ಇಲ್ಲಿ ಮಾತ್ರ ಕಂಟಿ ಎಳೆದು, ಕಾಲಿನಿಂದ ಒತ್ತಿ, ಮತ್ತೊಮ್ಮೆ ತಿರುಗಿ ನೋಡಿಯೇ ಮುಂದೆ ಹೋಗುತ್ತಿದ್ದ.

ಆ ಭಾನುವಾರವೂ ಕೊನೆಯವನು ಕಪಿಲನೇ. ಸಂದಿ ದಾಟುವಾಗ ಅವನ ಫೋನಿಗೆ ಬಳಗದವರ ಸಂದೇಶ ಬಂತು. ಇನ್ನೂ ಐದು ಜನ ಹಿಂದೆ ಇದ್ದಾರೆ, ತೆರೆದೇ ಇರಲಿ. ಬಿಟ್ಟು ಬಂದ. ಕಮಲಾಪುರದ ಬಸ್ ನಿಲ್ದಾಣಕ್ಕೆ ಬಂದರೆ ಆ ಐವರೂ ಮಿರ್ಚಿ ತಿನ್ನುತ್ತ ಕುಳಿತಿದ್ದರು. ಕಾಲು ನೋವೆಂದು ದೊಡ್ಡ ರಸ್ತೆಗೆ ಹೋಗಿ ಟಂಟಂ ಹತ್ತಿ ಬಂದಿದ್ದರಂತೆ. ಕಲಬುರಗಿಯ ಬಸ್ಸು ಹೊರಡುವುದರಲ್ಲಿತ್ತು. ಯಾರಾದರೂ ಮುಚ್ಚುತ್ತಾರೆ ಎಂದು ಕಪಿಲ ಬಸ್ಸು ಹತ್ತಿದ. ತಿರುಗಿ ನಡೆಯಬೇಕಾಗಿದ್ದದ್ದು ಒಂದೂವರೆ ಮೈಲಿ. ನಡೆಯುವುದೇ ಸುಖವೆಂದು ಊರೆಲ್ಲ ಹೇಳಿಕೊಂಡು ತಿರುಗುವವನು ಆ ಒಂದೂವರೆ ಮೈಲಿ ನಡೆಯಲಿಲ್ಲ.

ಈಗಲೂ ನಾಲ್ಕು ಹೆಜ್ಜೆ ಮುಂದೆ ಹೋಗಿ "ಅಕ್ಕಾರ, ಬಿಟ್ಟವ ನಾನು" ಎಂದರೆ ಮುಗಿಯುತ್ತಿತ್ತು. ಹೋಗಲಿಲ್ಲ. ಬಣ್ಣ ಒಣಗುತ್ತದೆ ಎನ್ನುವವನ ಹಾಗೆ ಬಗ್ಗಿ ಕಲ್ಲಿನ ಮೇಲೆ ಬಾಣ ಬರೆಯತೊಡಗಿದ.

ಮರುದಿನ ಬಳಗದ ಮುಖ್ಯಸ್ಥೆ ಸುಜಾತಾ ಮೇಡಂ ಮುಂದೆ ಎಲ್ಲವನ್ನೂ ಹೇಳಿಕೊಂಡ. ಆಕೆ ಕೆಟ್ಟವಳಲ್ಲ, ಹಾದಿಯ ಹುಚ್ಚಿನವಳು.

"ಈಗ ಹೇಳಿದ್ರ ಹಾದಿ ಬಂದ್ ಆಗ್ತದ ಕಪಿಲ. ಮುಂದಿನ ತಿಂಗಳ ನಕಾಶಿ ಛಾಪಸೂದದ. ಅದೊಂದು ಮುಗೀಲಿ, ನಾನೇ ಬಂದು ಹೇಳ್ತೀನಿ."

ಕಪಿಲನಿಗೆ ಬೇಕಾಗಿದ್ದದ್ದೂ ಅದೇ. ಬೇರೆಯವರು ಕೊಟ್ಟ ನೆಪ ಸ್ವಂತ ನೆಪಕ್ಕಿಂತ ಬೆಚ್ಚಗಿರುತ್ತದೆ.

ನಕಾಶೆ ಅಚ್ಚಾಯಿತು. ಅದರ ಪ್ರತಿ ಹಿಡಿದು ತೋಟಕ್ಕೆ ಹೋದರೆ ಪೀರಪ್ಪನ ಗುಡಿಸಲು ಖಾಲಿ. ಕುಂಬಳಕಾಯಿ ಕಳ್ಳ ಅಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ ಅನ್ನುತ್ತಾರೆ. ಇಲ್ಲಿ ಕದ್ದವನು ನಕಾಶೆ ಹಿಡಿದು ನಿಂತಿದ್ದ, ಕದಿಯದವನು ಹೆಗಲು ಮುಟ್ಟಿಕೊಂಡು ಹೋಗಿಬಿಟ್ಟಿದ್ದ. ಕಪಿಲ ಅಲ್ಲೇ, ನಿಂತ ಕಾಲಲ್ಲೇ, ಮಾನಮ್ಮನಿಗೆ ನಡೆದದ್ದನ್ನು ಹೇಳಿದ.

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಾ ಅವಗ ಹೋಗಂದಿಲ್ರೀ," ಎಂದಳು. "ತಾನೇ ಹೋದ. ‘ನನ್ನ ತಲೀ ಮ್ಯಾಲ ನನಗ ಭರೋಸಾ ಉಳದಿಲ್ಲ ಅಕ್ಕಾರ, ನಾಳಿ ಮೋಟಾರ ಚಾಲೂ ಇಟ್ಟು ಮರೀತೀನಿ’ ಅಂದ. ಗಾಜಿಪುರದಾಗ ಮಗಳ ಮನ್ಯಾಗ ಇದ್ದಾನ. ಈ ಮಾತು ಅವಗ ಹೋಗಿ ಹೇಳ್ರಿ."

ಗಾಜಿಪುರದ ಗಲ್ಲಿಯಲ್ಲಿ ಮಗಳು ಭೀಮಬಾಯಿಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲ ಬಳಿ ಹೊಲಿಗೆ ಯಂತ್ರ ಇಟ್ಟುಕೊಂಡು ಆಕೆ ರವಿಕೆ ಹೊಲಿಯುತ್ತಿದ್ದಳು. ಪೀರಪ್ಪ ಕಪಿಲನನ್ನು ನೋಡಿದ್ದೇ ತಡ, ಹಿಗ್ಗಿ ಎದ್ದು ಬಂದ.

"ಬರ್ರಿ ಸಾಹೇಬ್ರ. ಭೀಮಾ, ಇವರೇ ನೋಡವಾ ನಡಿಗಿಯವರು. ಅವತ್ತ ಹದಿನಾರ ಮಂದಿ ಬಂದಿದ್ರು. ಒಬ್ಬಾಕೀದು ಬೂಟಿನ ಹಿಮ್ಮಡ ಕಿತ್ತಿತ್ತು, ನಾನೇ ಸುತಳಿ ಕಟ್ಟಿಕೊಟ್ಟಿದ್ದೆ."

"ಕಾಕಾ, ಅದೇ ದಿನದ ಮಾತು," ಎಂದ ಕಪಿಲ. "ಕಂಟಿ ಎಳೀದ ಬಿಟ್ಟವ ನಾನು. ನೀವಲ್ಲ. ಹದಿನಾರ ಮಂದಿ ಅನ್ನೂದು ನೆನಪದ, ಸುತಳಿ ನೆನಪದ. ನೀವು ಏನೂ ಮರ್ತಿಲ್ಲ ಕಾಕಾ."

ಹೊಲಿಗೆ ಯಂತ್ರ ನಿಂತಿತು. ಪೀರಪ್ಪ ಕಪಿಲನ ಮುಖ ನೋಡಿದ, ಆಮೇಲೆ ಮೆಲ್ಲಗೆ ನಕ್ಕ. ಆ ನಗೆಯಲ್ಲಿ ಸಿಟ್ಟು ಎಳ್ಳಷ್ಟೂ ಇರಲಿಲ್ಲ.

"ಮುದುಕನ ಮನಸಿಗಿ ಸಮಾಧಾನ ಆಗ್ಲಿ ಅಂತ ಇಷ್ಟ ದೂರ ಬಂದೀರಿ. ನಿಮ್ಮಂಥವರು ಇರಬೇಕ್ರಿ. ಆದ್ರ ಖರೇ ಇದ್ರ ಅವತ್ತೇ ಹೇಳ್ತಿದ್ರಿ. ಅಕ್ಕಾರು ನನಗ ಅನ್ನಾಕತ್ತಾಗ ನೀವು ಅಲ್ಲೇ ನಿಂತಿದ್ರಿ."

ಕಪಿಲ ಆಣೆ ಮಾಡಿದ. ಫೋನಿನ ಸಂದೇಶ ತೆಗೆದು ತೋರಿಸಿದ. ಪೀರಪ್ಪನಿಗೆ ಓದಲು ಬರುತ್ತಿರಲಿಲ್ಲ. ಭೀಮಬಾಯಿ ಓದಿದಳು, ತುಟಿ ಕಚ್ಚಿಕೊಂಡು ಮತ್ತೊಮ್ಮೆ ಓದಿದಳು. "ಅಪ್ಪಾ, ಖರೇ ಹೇಳಾಕತ್ತಾರ" ಎಂದಳು. ಪೀರಪ್ಪ ಇಬ್ಬರಿಗೂ ತಲೆಯಾಡಿಸಿದ, ಚಿಕ್ಕ ಮಕ್ಕಳ ಮಾತಿಗೆ ತಲೆಯಾಡಿಸುವಂತೆ.

ಚಹಾ ಕುಡಿದಾದ ಮೇಲೆ ಆತ ಬೇಡವೆಂದರೂ ಕೇಳದೆ ಕಪ್ಪುಗಳನ್ನು ತೆಗೆದುಕೊಂಡು ಒಳಗೆ ಹೋದ. ಕಪಿಲ ಹೊಸ್ತಿಲಲ್ಲಿ ಕುಳಿತು ಬೂಟಿನ ದಾರ ಕಟ್ಟುತ್ತಿದ್ದ. ಒಳಗೆ ನೀರು ಸುರಿಯುವ ಸದ್ದು ಕೇಳಿಸಿತು, ನಿಂತಿತು.

"ಭೀಮಾ," ಪೀರಪ್ಪ ಕರೆದ. "ನಳಾ ಬಂದ್ ಮಾಡೀನಿ. ಒಂದ ಸಲ ಬಂದು ನೋಡಿ ಹೋಗವಾ."

ಭೀಮಬಾಯಿ ಸೂಜಿಯ ಕೆಳಗಿನ ಬಟ್ಟೆಯನ್ನು ಹಾಗೇ ಬಿಟ್ಟು, ಕಪಿಲನತ್ತ ನೋಡದೆ, ಎದ್ದು ಒಳಗೆ ಹೋದಳು.