ತುಟಿ ಅಲ್ಲಾಡಬೇಕು

‘ಎಡಗೈ ಮೇಡಂ ಭುಜದ ಮ್ಯಾಲ ಇಡ್ರಿ ಸರ್. ಹಂಗಲ್ರಿ. ಮಿಷನ್ ಮ್ಯಾಲ ಇಟ್ಟಂಗ ಇಟ್ಟೀರಿ.’

ಫೋಟೋ ತೆಗೆಯುವ ಅಮ್ಜದ್ ಹೀಗೆಂದ ಮೇಲೆ ಗಂಗಾಧರ ಕೈ ತೆಗೆದು, ಪ್ಯಾಂಟಿಗೆ ಒರೆಸಿಕೊಂಡು, ಮತ್ತೆ ಇಟ್ಟ. ಅಂಬಿಕಾ ನಕ್ಕಳು. ನಗಬೇಕೆಂದು ಮೊದಲೇ ಅಪ್ಪಣೆಯಾಗಿತ್ತು.

ಗಂಟೆ ಎಂಟೂವರೆ. ಹತ್ತಕ್ಕೆ ಹೂ ಕೀಳುವವರು ಬರುತ್ತಾರೆ. ಅಷ್ಟರೊಳಗೆ ಅವಳು ಅವನನ್ನು ಒಂದು ಪ್ರಶ್ನೆ ಕೇಳಿ ಮುಗಿಸಬೇಕಿತ್ತು.

ಮಸ್ಕಿಯ ಹತ್ತಿರದ ಈ ಚೆಂಡು ಹೂವಿನ ಹೊಲವನ್ನು ಹುಡುಕಿದವಳು ಅವಳೇ. ಲಿಂಗಸುಗೂರಿನ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುವ ಮೇಡಂಗೆ ಮದುವೆಗೆ ಮೊದಲೇ ಫೋಟೋಶೂಟಿನ ಹುಚ್ಚು ಹಿಡಿದಿದೆ ಎಂದು ಸ್ಟಾಫ್ ರೂಮಿನಲ್ಲಿ ನಕ್ಕರು. ನಗಲಿ. ಶಿವರಾತ್ರಿ ಮುಗಿದು ಬೇವು ಚಿಗುರುತ್ತಿದ್ದ ದಿನಗಳಲ್ಲಿ ಮೂರು ಭಾನುವಾರ ಬಸ್ಸು ಹತ್ತಿ ಬಂದಿದ್ದಳು. ಹೊಲದ ಯಜಮಾನ ಕರಿಬಸಯ್ಯನನ್ನು ಒಪ್ಪಿಸಿದಳು. ಯಾವ ಸಾಲು ಯಾವಾಗ ತುಂಬಾ ಅರಳುತ್ತದೆ ಎಂದು ಬರೆದುಕೊಂಡಳು. ಸಿಂಧನೂರಿನ ಅಮ್ಜದನ ಬಿಡುವು, ಹಟ್ಟಿಯ ಗಣಿಯಲ್ಲಿ ಗಂಗಾಧರನ ಪಾಳಿ, ಹೂವಿನ ಹದ, ಈ ಮೂರನ್ನೂ ಒಂದೇ ಬೆಳಿಗ್ಗೆಗೆ ತಂದು ಕೂಡಿಸಿದಳು. ದಿನವಿಡೀ ಸಮೀಕರಣ ಸರಿದೂಗಿಸುವವಳಿಗೆ ಅದೇನೂ ಕಷ್ಟವಾಗಲಿಲ್ಲ.

ಅವಳಿಗೆ ಫೋಟೋ ಬೇಕಿರಲಿಲ್ಲ. ಮದುವೆಯ ಮಾತು ಮುಗಿದ ಹೆಣ್ಣು, ಗಂಡನಾಗುವವನ ಜೊತೆ ಹೋಟೆಲಿಗೆ ಹೋಗಿ ಒಂದು ಚಹಾ ಕುಡಿದರೆ ಊರೆಲ್ಲ ಸುದ್ದಿ. ಅದೇ ಹೊಲದ ನಡುವೆ ಅವನ ಎದೆಗೆ ತಲೆ ಆನಿಸಿ ಮೂರು ತಾಸು ನಿಂತರೆ, ಎದುರಿಗೆ ಕ್ಯಾಮೆರಾ ಇದ್ದರೆ ಸಾಕು, ಅದೇ ಊರು ಲೈಕ್ ಒತ್ತುತ್ತದೆ. ಇದು ಹೊಳೆದ ದಿನ ಅವಳಿಗೆ ತನ್ನ ಬುದ್ಧಿಯ ಬಗ್ಗೆ ಹೆಮ್ಮೆಯಾಗಿತ್ತು.

ಹೆಣ್ಣು ನೋಡಲು ಬಂದ ದಿನ ಇಬ್ಬರಿಗೂ ಮಾಳಿಗೆಯ ಮೇಲೆ ಐದು ನಿಮಿಷ ಕೊಟ್ಟಿದ್ದರು. ‘ಇಲ್ಲಿಂದ ನಿಮ್ಮ ಕಾಲೇಜಿಗೆ ಬಸ್ ಅದಾವೇನ್ರಿ?’ ಎಂದಿದ್ದ. ‘ನಡಕೊಂಡ ಹೋಗ್ತೀನ್ರಿ’ ಎಂದಿದ್ದಳು. ಉಳಿದ ನಾಲ್ಕು ನಿಮಿಷ ಇಬ್ಬರೂ ನೀರಿನ ಟಾಕಿ ನೋಡುತ್ತ ನಿಂತಿದ್ದರು. ಆಮೇಲೆ ಐದು ತಿಂಗಳು, ದಿನಕ್ಕೊಂದು ಮೆಸೇಜು. ಊಟಾತಾ? ಆತು, ನಿಮ್ದು? ಆತು.

ಉಂಗುರ ತೊಡಿಸುವಾಗ ಅವನು ಅವಳ ಬೆರಳು ನೋಡಿರಲಿಲ್ಲ. ಪೆಂಡಾಲಿನ ಬಾಗಿಲು ನೋಡುತ್ತಿದ್ದ. ಅಷ್ಟೇ. ಆದರೆ ಅದು ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಉಳಿಯಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಅವಳಿಗೆ ಒಂದೇ ಒಂದು ನಿಜ ಸಾಕಿತ್ತು. ನಿಮಗೆ ಈ ಮದುವೆ ಬೇಕೋ, ಬೇಡವೋ? ಬೇಡ ಎಂದರೆ ತಾನೇ ಮುಂದಾಗಿ ನಿಲ್ಲಿಸುವುದು. ಇನ್ನು ಇಪ್ಪತ್ತನಾಲ್ಕು ದಿನವಿತ್ತು, ಕಾರ್ಡು ಹಂಚಿಯಾಗಿತ್ತು. ಆದರೂ ನಿಲ್ಲಿಸುವುದು. ಅದರಲ್ಲಿ ಎರಡು ಮಾತಿಲ್ಲ.

ಫೋನಿನಲ್ಲಿ ಕೇಳಬಹುದಿತ್ತು. ಆದರೆ ಫೋನು ಹಿಡಿದಾಗಲೆಲ್ಲ ಅವ್ವ ಗದ್ದೆಮ್ಮ ಬಾಗಿಲ ಹಿಂದೆ ಅಕ್ಕಿ ಆರಿಸುತ್ತಿರುತ್ತಾಳೆ. ಇವತ್ತೂ ಬಂದಿದ್ದಾಳೆ. ಬದುವಿನ ಬೇವಿನ ಮರದ ಕೆಳಗೆ ರೊಟ್ಟಿ ಗಂಟು ಇಟ್ಟುಕೊಂಡು ಕೂತಿದ್ದಾಳೆ. ಕಣ್ಣು ಮುಟ್ಟುವಷ್ಟು ಹತ್ತಿರ, ಕಿವಿ ಮುಟ್ಟದಷ್ಟು ದೂರ. ಆ ಜಾಗವನ್ನೂ ಅಂಬಿಕಾಳೇ ಅಳೆದು ಆರಿಸಿದ್ದಳು.

‘ನಿಮಗ ಒಂದ ಮಾತ ಕೇಳೂದೈತ್ರಿ,’ ಎಂದಳು.

‘ಮಾತಾಡಬ್ಯಾಡ್ರಿ ಮೇಡಂ,’ ಅಮ್ಜದ್ ಕೂಗಿದ. ‘ಫೋಟೋದಾಗ ಬಾಯಿ ಅರ್ಧಾ ತೆರದಿದ್ದು ಬರ್ತದ.’

ಬಾಯಿ ಮುಚ್ಚಿದಳು. ಗಂಗಾಧರನ ಶರ್ಟಿನಿಂದ ಹೊಸ ಬಟ್ಟೆಯ ಗಂಜಿ ವಾಸನೆ ಬರುತ್ತಿತ್ತು. ಇಷ್ಟು ಹತ್ತಿರದಿಂದ ಅವಳು ಯಾವ ಗಂಡಸಿನ ಕುತ್ತಿಗೆಯನ್ನೂ ನೋಡಿರಲಿಲ್ಲ. ಅಲ್ಲಿ ಕ್ಷೌರದ ಒಂದು ಸಣ್ಣ ಗಾಯವಿತ್ತು. ಇದರ ಬಗ್ಗೆ ತನಗೆ ಏನಾದರೂ ಅನಿಸಬೇಕಲ್ಲ ಎಂದುಕೊಂಡಳು. ಅನಿಸುವುದರೊಳಗೆ ಅಮ್ಜದ್ ಜಾಗ ಬದಲಿಸಿದ.

ಸೀರೆ ಬದಲಿಸಿ ಬಂದ ಮೇಲೆ ಮತ್ತೆ ಶುರು ಮಾಡಿದಳು. ‘ಆಗಿಂದು...’

‘ಬಿಸಲಾತ್ರಿ. ನೀರ ಕುಡೀರಿ,’ ಎಂದು ಗಂಗಾಧರ ಬಾಟಲಿ ಕೊಟ್ಟು, ಪಂಪ್‌ಸೆಟ್ಟು ನೋಡಲು ಹೊರಟುಬಿಟ್ಟ. ಗಣಿಯವನಿಗೆ ಯಂತ್ರ ಕಂಡರೆ ನೆಂಟರು ಕಂಡಂತೆ. ಪಂಪಿನ ಹತ್ತಿರ ಅವನ ಮುಖ ಸಡಿಲಾದುದನ್ನು ಅವಳು ದೂರದಿಂದ ನೋಡಿದಳು.

ಒಂಬತ್ತೂವರೆಗೇ ಹೂ ಕೀಳುವವರು ಬಂದರು. ಆದಮ್ಮ ಎಂಬ ಹಿರಿಯಳ ಹಿಂದೆ ನಾಲ್ಕು ಹೆಂಗಸರು. ಒಂದು ಅಂಚಿನಿಂದ ಶುರುವಿಟ್ಟರು. ಅವರು ದಾಟಿ ಬಂದಲ್ಲೆಲ್ಲ ಹಳದಿ ಹೋಗಿ ಬರೀ ಹಸಿರು ಉಳಿಯುತ್ತಿತ್ತು.

‘ಹತ್ತ ಅಂದಿದ್ರೆಲ್ರಿ?’ ಅಂಬಿಕಾ ಕರಿಬಸಯ್ಯನನ್ನು ಕೇಳಿದಳು.

‘ನಾ ಅಂದಿದ್ದೆ ತಂಗೀ. ಆದಮ್ಮ ಅನ್ನಬೇಕಲ್ಲ?’

‘ಹೂವು ಹೋಗಾಕತ್ತಾವ, ಡ್ರೋನ್ ಬಿಟ್ಟುಬಿಡೂಣು,’ ಎಂದ ಅಮ್ಜದ್. ‘ಎದುರಾಬದುರಾ ನಿಲ್ರಿ. ಈಗ ಏನರ ಮಾತಾಡ್ರಿ. ಧ್ವನಿ ಬರಂಗಿಲ್ಲ, ಮ್ಯಾಲ ಹಾಡ ಹಾಕ್ತೀವಿ. ತುಟಿ ಅಲ್ಲಾಡಬೇಕು, ನಗತಿರಬೇಕು. ಅಷ್ಟ.’

ಜೇನು ಎದ್ದಂತೆ ಸದ್ದು ಮಾಡುತ್ತ ಡ್ರೋನು ಮೇಲೆ ಹೊರಟಿತು. ಅಂಬಿಕಾ ನಕ್ಕಳು.

‘ನಿಮಗ ಈ ಮದಿವಿ ಬೇಕೇನ್ರಿ?’

ಗಂಗಾಧರನೂ ನಗುತ್ತಿದ್ದ. ನಗು ಒಂದಿಷ್ಟೂ ಕದಲಲಿಲ್ಲ.

‘ಬ್ಯಾಡ್ರಿ.’

‘ಬ್ಯಾರೆ ಯಾರರ ಅದಾರೇನ್ರಿ?’

‘ಯಾರೂ ಇಲ್ರಿ. ನಗ್ರಿ, ಅಂವ ನೋಡಾಕತ್ತಾನ.’ ಅವನು ಅವಳ ಕೈ ಹಿಡಿದುಕೊಂಡ, ಹಾಗೆ ಹಿಡಿಯಬೇಕೆಂದು ಮೊದಲೇ ಹೇಳಿಕೊಟ್ಟಿದ್ದರು. ‘ಗಣಿಯಿಂದ ಮ್ಯಾಲ ಬಂದ ಮ್ಯಾಗ ಯಾರ ಜೋಡೀನೂ ಮಾತ ಬ್ಯಾಡ ಅನಸ್ತದ. ನಮ್ಮವ್ವಗ ಹೇಳಿದ್ನಿ. ಮದಿವಿ ಆದ್ರ ಸರಿ ಹೋಗ್ತದ ಅಂದ್ಳು.’

‘ಕಟ್!’ ಅಮ್ಜದ್ ಓಡಿಬಂದ. ‘ಸರ್ ಭಾಳ ಚಲೋ ಮಾತಾಡಿದ್ರಿ. ಮೇಡಂ ಮಾರಿ ನಡುವ ಬಾಡ್ತು. ಇನ್ನೊಮ್ಮೆ, ಹಂಗ ಮಾಡ್ರಿ.’

ಅವಳ ಎದೆ ಹಗುರಾಗಿತ್ತು. ಮುಳ್ಳು ಹೊರಬಿದ್ದಿತ್ತು. ಇನ್ನು ಹೇಳಬೇಕಾದದ್ದು ಇಷ್ಟೇ: ಹಾಗಾದರೆ ನಾನು ನಿಲ್ಲಿಸುತ್ತೇನೆ. ಮೂರೇ ಪದ. ಡ್ರೋನು ಮತ್ತೆ ಎದ್ದಿತು.

ಆದರೆ ಮೊದಲು ಮಾತಾಡಿದವನು ಅವನು.

‘ನಿಮಗ ಬೇಕೇನ್ರಿ?’

ಅವಳು ಉತ್ತರಕ್ಕೆಂದು ತನ್ನೊಳಗೆ ನೋಡಿಕೊಂಡಳು. ಬೇಕು ಅನ್ನುವುದು ಅಲ್ಲಿರಲಿಲ್ಲ. ಬೇಡ ಅನ್ನುವುದೂ ಇರಲಿಲ್ಲ. ಐದು ತಿಂಗಳು ಪ್ರಶ್ನೆಪತ್ರಿಕೆ ತಯಾರಿಸಿದವಳಿಗೆ, ಅದನ್ನು ತನಗೂ ಕೊಡಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಅವನು ಬೇಡ ಎಂದರೆ ಬೇಡ, ಬೇಕು ಎಂದರೆ ಬೇಕು. ಇದನ್ನೇ ತನ್ನ ಗಟ್ಟಿತನ ಎಂದುಕೊಂಡಿದ್ದಳು. ಅವಳಿಗೆ ಭಯವಾಯಿತು.

‘ತುಟಿ ಅಲ್ಲಾಡ್ಲಿ ಮೇಡಂ! ತುಟಿ!’

‘ಹೈಡ್ರೋಜನ್,’ ಎಂದಳು ಅಂಬಿಕಾ.

‘ರೀ?’

‘ಹೀಲಿಯಂ. ಲಿಥಿಯಂ. ಬೆರಿಲಿಯಂ.’ ಅವಳು ಚೆನ್ನಾಗಿ ನಗುತ್ತಿದ್ದಳು.

ಅವನು ಅವಳನ್ನು ಒಂದು ಕ್ಷಣ ನೋಡಿದ. ‘ಮುಂದ ಬೋರಾನ್ ಅಲ್ರೀ?’ ಎಂದ. ‘ಬೋರಾನ್, ಕಾರ್ಬನ್...’

‘ನೈಟ್ರೋಜನ್.’

ಕ್ಯಾಲ್ಸಿಯಂವರೆಗೆ ಇಬ್ಬರೂ ಸರದಿಯಂತೆ ಹೇಳಿ ಮುಗಿಸಿದರು. ಅಮ್ಜದ್ ಚಪ್ಪಾಳೆ ತಟ್ಟಿದ.

ಬೇವಿನ ಕೆಳಗೆ ಗದ್ದೆಮ್ಮ ರೊಟ್ಟಿ ಗಂಟು ಬಿಚ್ಚಿದ್ದಳು. ಅಮ್ಜದ್ ಆ ಕ್ಲಿಪ್ಪನ್ನು ಅವಳ ಫೋನಿಗೇ ಕಳಿಸಿ, ಹಚ್ಚಿ ಕೊಟ್ಟ. ಅವಳು ಮಗಳ ಕಡೆ ಕೈ ಚಾಚಿ ತನ್ನ ಹಣೆಯ ಪಕ್ಕ ಬೆರಳು ಮುರಿದು ದೃಷ್ಟಿ ತೆಗೆದಳು.

‘ಎಷ್ಟ ಹೊಂದಿಕೊಂಡಾರ ನೋಡು! ಏನ್ ಮಾತಾಡಾಕತ್ತಿದ್ರಿಬೇ ಅಷ್ಟ?’

‘ಹಿಂಗ. ಊಟದ್ದು,’ ಎಂದ ಗಂಗಾಧರ. ಬಾಟಲಿಯ ಮುಚ್ಚಳ ತಿರುವುತ್ತಿದ್ದ.

‘ಯವ್ವಾ,’ ಎಂದಳು ಅಂಬಿಕಾ. ‘ನಾ ಒಂದ ಮಾತ ಹೇಳಬೇಕು.’

‘ತಡಿ ಬೇ, ಇದು ಮುಗೀಲಿ.’

ಆಗಲಿ. ಮುಗಿದ ಕೂಡಲೇ ಹೇಳುವುದು. ಏನು ಹೇಳುವುದೆಂದು ಇನ್ನೂ ಗೊತ್ತಿರಲಿಲ್ಲ, ಆದರೆ ಹೇಳುವುದಂತೂ ಖಂಡಿತ. ಅವಳು ಅವ್ವನ ಹೆಗಲ ಹಿಂದೆ ನಿಂತು ಕಾದಳು.

ಸದ್ದಿಲ್ಲದ ಪರದೆಯಲ್ಲಿ ಎರಡು ಮುಖ ನಗುತ್ತಿದ್ದವು, ತುಟಿ ಅಲ್ಲಾಡುತ್ತಿದ್ದವು. ಕ್ಯಾಮೆರಾ ಮೇಲೇರಿತು. ಮುಖ ಹೋಗಿ ಎರಡು ಚುಕ್ಕೆಯಾದವು. ಹೊಲ ಒಂದು ಹಳದಿ ಕರವಸ್ತ್ರವಾಯಿತು. ಅದನ್ನು ಒಂದು ಮಗ್ಗುಲಿನಿಂದ ಐದು ಹೆಂಗಸರು ಕೀಳುತ್ತ ಬರುತ್ತಿದ್ದರು, ಸುತ್ತ ಕಣ್ಣು ಹಾಯುವವರೆಗೂ ಕಪ್ಪು ಎರೆ ನೆಲ. ಇನ್ನೇನು ಮುಗಿಯಿತು ಅನ್ನುವಾಗ ಕ್ಲಿಪ್ಪು ತಾನಾಗಿ ಮೊದಲಿಗೆ ಮರಳಿತು. ಹೊಲವೆಲ್ಲ ಮತ್ತೆ ಹಳದಿ, ಎರಡು ಮುಖ ನಗುತ್ತಿದ್ದವು, ತುಟಿ ಅಲ್ಲಾಡುತ್ತಿದ್ದವು.