ನೀರು ಕುಡಿಯದ ಹೆಂಗಸರು

"ಏ ಮಾಲಿ! ಸಾಲು ಬಿಟ್ಟು ಎಲ್ಲಿಗ ಹೊಂಟಿಬೇ?"

ಬಲೆಮನೆಯ ಬಾಗಿಲಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ ಮೇಸ್ತ್ರಿ ಹಾಲೇಶ ಕೂತಲ್ಲಿಂದಲೇ ಒದರಿದ. ನನ್ನ ಮಗಳು ಮಾಲಾ ತಲೆ ತಗ್ಗಿಸಿಕೊಂಡು ಕಿರುಬೆರಳು ತೋರಿಸಿದಳು.

"ಈಗರ ಒಳಗ ಬಂದೀರಿ, ಆಗಲೇ ಉಚ್ಚಿ ಬಂತೇನು? ನೀ ಹೊಯ್ದು ಬರೂತನಕ ಹೂ ಬಾಯಿ ತಕ್ಕೊಂಡು ಕುಂದರ್ತಾವೇನಬೇ ರಂಡೆ?"

"ಅಣ್ಣಾ, ಉರಿ ಭಾಳ ಐತಿ..."

"ಉರಿ ಇದ್ರ ಗಂಡನ್ನ ಮಾಡ್ಕೋ. ನಡಿ ಸಾಲಿಗೆ!"

ಗಿಡಕ್ಕೆ ಔಷಧ ಹೊಡೆಯಲು ಬಂದಿದ್ದ ಇಬ್ಬರು ಗಂಡಸರು ಕಿಸಕ್ಕನೆ ನಕ್ಕರು. ಮಾಲಾ ತಿರುಗಿ ಬಂದು ನನ್ನ ಪಕ್ಕದ ಸಾಲಿನಲ್ಲಿ ನಿಂತಳು. ಕಾಲು ಒಂದರ ಮೇಲೊಂದು ಒತ್ತಿಕೊಂಡು ನಿಂತಿದ್ದಳು. ನಾನು ಹೆತ್ತವಳು. ನೋಡಿಯೂ ನೋಡದವಳ ಹಾಗೆ ಹೂವಿಗೆ ಪುಡಿ ಮುಟ್ಟಿಸುತ್ತಿದ್ದೆ.

ನಮ್ಮ ಕೆಲಸವೇ ಅಂಥದ್ದು. ಹಿರೇಕೆರೂರಿಗೂ ರಟ್ಟೀಹಳ್ಳಿಗೂ ನಡುವೆ ದ್ಯಾಮನಗೌಡರ ಹೊಲ. ಅಲ್ಲಿ ಬಲೆ ಕಟ್ಟಿ, ಕಂಪನಿಯವರಿಗಾಗಿ ಟೊಮೆಟೊ ಬೀಜ ಬೆಳೆಯುತ್ತಾರೆ. ಮಧ್ಯಾಹ್ನ ನಾವು ಮೊಗ್ಗು ಬಿಡಿಸಿ ಒಳಗಿನ ಗಂಡುಭಾಗ ಕಿತ್ತು ಹಾಕಬೇಕು. ಮರುದಿನ ಮುಂಜಾನೆ ಬೆರಳಿಗೆ ಉಂಗುರ ಹಾಕಿಕೊಂಡು, ಅದರ ಬಟ್ಟಲಲ್ಲಿರುವ ಬೇರೆ ತಳಿಯ ಪರಾಗದ ಪುಡಿಯನ್ನು ಅದೇ ಹೂವಿಗೆ ಮುಟ್ಟಿಸಬೇಕು. ಬಿಸಿಲು ಏರುವುದರೊಳಗೆ ಆಗಬೇಕು, ಇಲ್ಲದಿದ್ದರೆ ಹೂವು ಬಾಡಿ ಉದುರುತ್ತದೆ. ಹೂವಿನ ಮೇಲೆ ಗೌಡರಿಗೆ ಎಷ್ಟು ಕಕ್ಕುಲಾತಿ! ಅದರ ಕಾಲುಭಾಗವಾದರೂ ಹೂವು ಮುಟ್ಟುವ ಕೈಗಳ ಮೇಲೆ ಇದ್ದಿದ್ದರೆ ಈ ಕಥೆ ಹೇಳುವ ಪ್ರಸಂಗ ಬರುತ್ತಿರಲಿಲ್ಲ.

ಗಂಡಸರದು ಬಿಡಿ, ಬದುವಿಗೆ ಮುಖ ಮಾಡಿ ನಿಂತರೆ ಮುಗಿಯಿತು. ನಮಗೆ ಮೊದಲು ಹಳ್ಳದ ದಂಡೆಯ ಜಾಲಿ ಇತ್ತು. ಅದನ್ನು ಕಡಿದು ಸೈಟು ಮಾಡಿದರು. ಈಗ ಎಲ್ಲಿ ಕೂತರೂ ರಸ್ತೆಗೆ ಕಾಣುತ್ತದೆ. ಹಾಗಾಗಿ ನಾವೆಲ್ಲ ಸೇರಿ ಒಂದು ಉಪಾಯ ಕಂಡುಕೊಂಡಿದ್ದೆವು. ನೀರೇ ಕುಡಿಯಬಾರದು. ಮುಂಜಾನೆ ಚಹಾ ಇಲ್ಲ, ರೊಟ್ಟಿಗೆ ಸಾರಿಲ್ಲ, ಬಾಯಿ ಒಣಗಿದರೆ ಒಂದು ಚೂರು ಅಡಿಕೆ. ಸವಣೂರಿನಿಂದ ಮದುವೆಯಾಗಿ ನಮ್ಮೂರಿಗೆ ಬಂದ ರಮಜಾನಬಿ ಇದರಲ್ಲಿ ಎತ್ತಿದ ಕೈ. ಸಂಜೆತನಕ ಒಂದು ಹನಿ ಇಳಿಸದೆ ಇರುತ್ತಿದ್ದಳು. ಹೊಸದಾಗಿ ಬಂದ ಹುಡುಗಿಯರಿಗೆ ಪುಡಿ ಹಾಕುವುದನ್ನು ಕಲಿಸುವ ಮೊದಲು ನಾವು ಇದನ್ನು ಕಲಿಸುತ್ತಿದ್ದೆವು. ತಡೆದುಕೊಳ್ಳುವವಳು ಗಟ್ಟಿಗಿತ್ತಿ, ತಡೆಯದವಳು ನಾಜೂಕಿನ ರಾಣಿ ಅಂತ ನಾವೇ ನಗುತ್ತಿದ್ದೆವು. ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ!

ಮಾಲಾಗೆ ಉರಿಮೂತ್ರ ಶುರುವಾದಾಗ ಊರಿನ ಕಂಪೌಂಡರ್ ಸೂಜಿ ಚುಚ್ಚಿದ. ಕಡಿಮೆಯಾಯಿತು. ಕೆಲಸಕ್ಕೆ ಹೋದಳು, ತಿರುಗಿ ಬಂತು. ಮತ್ತೆ ಸೂಜಿ, ಗುಳಿಗೆ. ಆಮೇಲೆ ಜ್ವರ ಬಂತು, ರಕ್ತ ಕಾಣಿಸಿತು. ನಮ್ಮತ್ತೆ ತಡೆಯಲಾರದೆ, ದಾರ ಮಂತ್ರಿಸಿ ಕೊಡುವ ಅಯ್ಯನವರ ಹತ್ತಿರ ಹೋದಳು. ಅವರು ಕಟ್ಟೆಯ ಮೇಲೆ, ಇವಳು ಅಂಗಳದಲ್ಲಿ ದೂರ. "ಹುಡುಗಿ ಮುಟ್ಟಾದಾಗ ಹುತ್ತ ದಾಟ್ಯಾಳ. ನಾಗಪ್ಪ ಸಿಟ್ಟಾಗ್ಯಾನ" ಎಂದು ಹೇಳಿ, ದಾರವನ್ನು ಮೇಲಿಂದ ಇವಳ ಸೆರಗಿಗೆ ಎಸೆದರು. ಮಗಳ ಸೊಂಟಕ್ಕೆ ದಾರ, ಕೈಗೆ ಸೂಜಿ, ಹೊಟ್ಟೆಗೆ ಗುಳಿಗೆ. ರೋಗ ಮಾತ್ರ ಬಲೆಮನೆಯಲ್ಲಿ ಹಾಯಾಗಿತ್ತು.

ಒಂದೇ ವಾರದಲ್ಲಿ ಇಬ್ಬರು ಹೆಂಗಸರು ಸಾಲಿನಲ್ಲೇ ತಲೆತಿರುಗಿ ಬಿದ್ದಾಗ ಕಂಪನಿಗೆ ಕರುಣೆ ಉಕ್ಕಿತು. ಆರೋಗ್ಯ ಶಿಬಿರವಂತೆ. ಗೌಡರ ತೋಟದ ಮನೆ ಮುಂದೆ ಶಾಮಿಯಾನ, ಬ್ಯಾನರು, ಗೌಡರ ಕೊರಳಿಗೆ ಹಾರ. "ಇವ್ರು ಆಳುಗಳಲ್ರಿ, ನಮ್ಮ ಮನಿ ಲಕ್ಷ್ಮೇರು" ಅಂದರು ಗೌಡರು. ನಮಗೆಲ್ಲ ಕಂಪನಿಯ ಹೆಸರಿದ್ದ ನೀರಿನ ಬಾಟಲಿ ಹಂಚಿ ಫೋಟೋ ತೆಗೆದರು. ನೀರಿನ ಬಾಟಲಿ! ರಮಜಾನಬಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಎಣ್ಣಿ ಹಾಕಿಡಾಕ ಚೊಲೋ ಐತಿ" ಅಂದಳು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಒಳ್ಳೆಯವಳೇ. ಮಾಲಾಳ ಮೂತ್ರ ಪರೀಕ್ಷಿಸಿ, ಬೆನ್ನು ಒತ್ತಿ ನೋಡಿ ಮುಖ ಸಣ್ಣ ಮಾಡಿದಳು.

"ಇದು ಕಿಡ್ನಿಗೆ ಏರೈತಿ. ಹಿಂಗ ಬಿಟ್ರ ಕಿಡ್ನಿ ಉಳಿಯೂದಿಲ್ಲವ್ವ. ನೀರು ಭಾಳ ಕುಡಿಬೇಕು, ಬಂದಾಗ ತಡ್ಕೋಬಾರದು. ಯಾಕ ಕುಡಿಯೂದಿಲ್ಲ ನೀ?"

ಮಾಲಾ ತಲೆ ತಗ್ಗಿಸಿದಳು. ಸುತ್ತ ಗಂಡಸರು ನಿಂತಿದ್ದರು. ಡಾಕ್ಟರಮ್ಮ ಅದೇ ಗುಳಿಗೆ ಬರೆದುಕೊಟ್ಟಳು. ಮುಂದಿನವಳಿಗೂ ಅದೇ ಮಾತು, ಅದೇ ಗುಳಿಗೆ. ಸ್ವಲ್ಪ ಹೊತ್ತಿಗೆ ಎದ್ದು ಗೌಡರ ಕಿವಿಯಲ್ಲಿ ಏನೋ ಕೇಳಿದಳು. ಗೌಡರು ಕಿಸೆಯಿಂದ ಕೀಲಿ ತೆಗೆದು ಹಾಲೇಶನಿಗೆ ಕೊಟ್ಟರು. ಅವನು ಓಡಿಹೋಗಿ ತೋಟದ ಮನೆಯ ಪಕ್ಕದ ಹೊಸ ಕಕ್ಕಸಿನ ಬಾಗಿಲು ತೆಗೆದ. ಒಳಗೆ ಗುಲಾಬಿ ಬಣ್ಣದ ಟೈಲ್ಸು. ಇಷ್ಟು ದಿನ ನಾವದನ್ನು ಗೊಬ್ಬರದ ಕೋಣೆ ಅಂದುಕೊಂಡಿದ್ದೆವು! ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತ ಹೊರಬಂದಳು. ಹಾಲೇಶ ಕೀಲಿ ಹಾಕಿದ.

ನಾನು ಡಾಕ್ಟರಮ್ಮನ ಮುಂದೆ ಹೋಗಿ ನಿಂತೆ.

"ಅಕ್ಕಾರ, ನಿಮಗ ಬಂತು, ನೀವು ಹೋಗಿ ಬಂದ್ರಿ. ನಾವು ಎಲ್ಲಿಗ ಹೋಗೂಣ್ರಿ?"

ಗೌಡರು ತಿರುಗಿ ನೋಡಿದರೂ ನಾನು ನಿಲ್ಲಿಸಲಿಲ್ಲ.

"ಯಾಕ ನೀರು ಕುಡಿಯೂದಿಲ್ಲ ಅಂತ ಕೇಳಿದ್ರಲ್ರಿ, ಇದಕ್ಕರಿ. ಉಚ್ಚಿ ಹೊಯ್ಯಾಕ ಜಾಗಾ ಇಲ್ಲ, ಹೋಗ್ತೇವಂದ್ರ ಬಿಡೂದಿಲ್ಲ. ಗುಳಿಗಿ ಎಷ್ಟಂತ ನುಂಗೂಣು?"

"ಏ ಮಂಜಿ!" ಗೌಡರ ಕಣ್ಣು ಕೆಂಪಾದವು. "ನಾಚಿಕಿ ಮಾನ ಏನರ ಐತೇನಬೇ ನಿನಗ? ಗಂಡಸರ ಮುಂದ ಹೆಣ್ಣಮಗಳು ಆಡೂ ಮಾತಾ ಇದು? ಅದು ಕಂಪನಿ ಸಾಹೇಬ್ರು ಬಂದಾಗ ಇರ್ಲಿ ಅಂತ ಕಟ್ಟಿಸಿದ್ದು. ನಿಮ್ಮ ಕೇರಿಯವ್ರು ಕುಂತ ಜಾಗಾದಾಗ ನಾಳೆ ಸಾಹೇಬ್ರು ಕುಂದರ್ತಾರೇನು?"

ಡಾಕ್ಟರಮ್ಮ ಕಂಪನಿಯವನ ಮುಖ ನೋಡಿದಳು. ಕಂಪನಿಯವನು ಮೊಬೈಲ್ ನೋಡುತ್ತ, "ಮುಂದಿನ ಸೀಜನ್‌ಗೆ ಮಾತಾಡೂಣು" ಅಂದ. ಮುಂದಿನ ಸೀಜನ್‌ತನಕ ನನ್ನ ಮಗಳ ಕಿಡ್ನಿ ಕಾಯುತ್ತದೆಯೇ ಅಂತ ಅವನನ್ನು ಯಾರು ಕೇಳಬೇಕು?

ಮರುದಿನ ಬೆಳಿಗ್ಗೆ ಮಾಲಾ ಚಳಿಜ್ವರದಲ್ಲಿ ನಡುಗುತ್ತಿದ್ದಳು. ಅವಳಪ್ಪ ಹಾವೇರಿಗೆ ಕರೆದೊಯ್ಯಲು ಗಾಡಿ ನೋಡಲು ಹೋಗಿದ್ದ. ನಾನು ತಲೆ ಎತ್ತಿ ಹಿಡಿದು ತಂಬಿಗೆಯನ್ನು ಬಾಯಿಗೆ ಹಿಡಿದೆ. ತುಟಿ ಬಿಗಿಹಿಡಿದಳು.

"ಬ್ಯಾಡಬೇ ಅವ್ವ. ಆಮ್ಯಾಲೆ ಹೋಗಬೇಕಾಕೈತಿ."

"ನೀ ಮನ್ಯಾಗ ಅದೀಯಬೇ! ಕುಡಿ!"

"ಹಾಲೇಶಣ್ಣ ಬೈತಾನ."

ಜ್ವರದಲ್ಲೂ ಅವಳು ಆ ಬಲೆಯೊಳಗೇ ಇದ್ದಳು. ನಾನು ಅತ್ತೆಗೆ ಅವಳನ್ನು ಒಪ್ಪಿಸಿ, ಗಾಡಿ ಬಂದಕೂಡಲೇ ಹೊರಡಲು ಹೇಳಿ, ಅಳುತ್ತಲೇ ಕೇರಿಯ ಮನೆಮನೆಗೂ ಹೋದೆ. ಕೊನೆಗೆ ರಮಜಾನಬಿಯ ಮನೆಗೂ ಹೋದೆ. ಆಕೆ ಮಾಲಾ ಆಡಿದ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಬಾಯೊಳಗಿನ ಅಡಿಕೆ ಉಗುಳಿ, "ನಡಿ" ಅಂದಳು.

ಅವತ್ತು ಯಾರೂ ಬಲೆಯೊಳಗೆ ಕಾಲಿಡಲಿಲ್ಲ. ಹಿಂದಿನ ಮಧ್ಯಾಹ್ನ ಗಂಡುಭಾಗ ಕಿತ್ತಿಟ್ಟ ಹೂವು ಸಾಲುಸಾಲಾಗಿ ಪುಡಿಗಾಗಿ ಕಾಯುತ್ತಿದ್ದವು. ನಾವು ಬೋರಿನ ನಳಕ್ಕೆ ಹೋಗಿ ಕುಡಿದೆವು. ಸಾಕು ಅನ್ನುವತನಕ ಕುಡಿದು, ಮತ್ತೂ ಕುಡಿದೆವು. ಎಷ್ಟು ಕಾಲವಾಗಿತ್ತೋ ಹಾಗೆ ಕುಡಿದು! ಕೆಲವರಿಗೆ ಅಳು ಬಂತು, ಕೆಲವರಿಗೆ ನಗು.

ಹಾಲೇಶ ಫೋನ್ ಮಾಡಿದ. ಗೌಡರು ಬನಿಯನ್ ಮೇಲೆಯೇ ಕಾರಿನಲ್ಲಿ ಬಂದಿಳಿದರು.

"ಏನ್ರಬೇ ಬೋಸಡೇರಾ? ಹೂ ಒಣಗಾಕತ್ತಾವ, ಇಲ್ಲಿ ಜಳಕ ಮಾಡಾಕ ಬಂದೀರೇನು?"

"ಕಕ್ಕಸಿನ ಕೀಲಿ ಕೊಡ್ರಿ," ಅಂದೆ.

"ಕೀಲಿ ನಿಮ್ಮಪ್ಪಂದೇನು? ನಾಳೆನ ಬ್ಯಾರೆ ಊರವ್ರನ್ನ ತಂದು ಇಳಸ್ತೇನಿ!"

"ನಾಳೆ ತರ್ರಿ," ಅಂದಳು ರಮಜಾನಬಿ. "ಹೂ ಇವತ್ತಿಂದು ಐತಲ್ರಿ."

ಬಿಸಿಲು ಏರುತ್ತಿತ್ತು. ಗೌಡರು ಒಮ್ಮೆ ಬಲೆಯ ಕಡೆ ನೋಡಿದರು, ಒಮ್ಮೆ ನಮ್ಮ ಕಡೆ. ದನಿ ಇಳಿಸಿದರು. "ಆತು, ಹಳ್ಳದ ಕಡೆ ಹೋಗಿ ಬರ್ರಿ. ಇವತ್ತು ಹಾಲೇಶ ಏನೂ ಅನ್ನೂದಿಲ್ಲ. ನಿನ್ನ ಮಗಳ ಔಷಧಕ್ಕೂ ನಾ ಏನರ ಕೊಡ್ತೇನಿ."

"ಔಷಧ ಬ್ಯಾಡ್ರಿ. ಕೀಲಿ."

"ಕೊಡೂದಿಲ್ಲ. ಏನ್ ಮಾಡ್ತಿ?"

ನಾನು ನಡೆದೆ. ಹೆಂಗಸರೆಲ್ಲ ಹಿಂದೆ ಬಂದರು. ಹಾಲೇಶ ಓಡಿಬಂದು ಕಕ್ಕಸಿನ ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತ. ಗೌಡರು ಅವನ ಪಕ್ಕದಲ್ಲಿ ನಿಂತರು. ಔಷಧ ಹೊಡೆಯುವವರೂ ತಮಾಷೆ ನೋಡಲು ಬಂದರು. ಹೊಟ್ಟೆಯಲ್ಲಿ ನೀರು ಒತ್ತುತ್ತಿತ್ತು. ಇಷ್ಟು ವರ್ಷ ತಡೆದವಳಿಗೆ ಇನ್ನೊಂದು ತಾಸು ತಡೆಯುವುದು ದೊಡ್ಡದಲ್ಲ. ಆದರೆ ನಾನು ತಡೆಯಲಿಲ್ಲ.

ಬಾಗಿಲ ಮುಂದಿನ ಸಿಮೆಂಟಿನ ಕಟ್ಟೆಯ ಮೇಲೆ, ಗೌಡರಿಗೆ ಎದುರಾಗಿ, ಸೀರೆ ಎತ್ತಿ ಕೂತೆ.

ಮೊದಲು ಮುಖ ತಿರುಗಿಸಿದವನು ಹಾಲೇಶ. ಔಷಧದವರು ಬೇರೆ ಕಡೆ ನೋಡುತ್ತ ಜಾಗ ಖಾಲಿ ಮಾಡಿದರು. "ಥೂ, ಥೂ, ಎದ್ದೇಳಬೇ!" ಗೌಡರು ಕಣ್ಣಿಗೆ ಕೈ ಅಡ್ಡ ಹಿಡಿದು ಒದರುತ್ತಿದ್ದರು. ನಾನು ಏಳಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. ನೀರು ಕಟ್ಟೆಯಿಂದಿಳಿದು ಅವರ ಚಪ್ಪಲಿಯ ಕಡೆ ಹರಿಯಿತು. ಅವರು ಹಿಂದಕ್ಕೆ ಸರಿದರು, ಮತ್ತೂ ಸರಿದರು.

ರಮಜಾನಬಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು.

"ಸ್ವಲ್ಪ ಸರಿ ಮಂಜವ್ವ," ಎಂದು ನನ್ನ ಪಕ್ಕದಲ್ಲಿ ಕೂತಳು.